‘ಐನೂರರ ಎಣ್ಣಿ ಹಾಕಿ ಎವರೇಜ್ ಕೇಳಬ್ಯಾಡ್ರಿ’

ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ 2025 ಕೂಡಿ ಬರಲಿಲ್ಲ. ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿ ಲೀಟರಿಗೆ 2 ರೂಪಾಯಿ ಕಿತ್ತುಕೊಂಡಿತು. ಆಗಸ್ಟಿನಲ್ಲಿ ಕೇಂದ್ರದವರು 20 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣಕ್ಕೆ 5,000 ಇದ್ದದ್ದನ್ನು 10,000 ಮಾಡಿದರು. ಅಂದಿನಿಂದ ಮಹಾಲಿಂಗಪುರದ ಅಡತಿ ಅಂಗಡಿಗಳಲ್ಲಿ ಬೆಲ್ಲದ ಸವಾಲು ಮುಗಿದ ಮೇಲೆ ಒಂದೇ ಚರ್ಚೆ: ಎವರೇಜ್ ಹೆಚ್ಚಿಸುವುದು ಹ್ಯಾಂಗ? ಸಲಹೆ ಕೊಡುವವರಿಗೆ ಬರವಿಲ್ಲ. ಒಬ್ಬರು ಎಣ್ಣೆ ಪೈಪಿಗೆ ಅಯಸ್ಕಾಂತ ಕಟ್ಟು ಅಂತಾರೆ, ಇನ್ನೊಬ್ಬರು ಟಾಕಿಗೆ ಯಾವುದೋ ಬಾಟಲಿ ಸುರಿ ಅಂತಾರೆ. ಎವರೇಜ್ ಕೊಡಬೇಕಾದವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅದಕ್ಕೆ ಎಪಿಎಂಸಿ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ 2005ರ ಬೊಲೆರೊ ಒಂದನ್ನು ಮಾತಾಡಿಸಿದೆ. ಬಾಗಲಕೋಟೆಯ ಕೆಎ-29 ನಂಬರು, 2523 ಸಿಸಿ ಡೀಸೆಲ್ ಇಂಜಿನ್. ಮುಂದೆ ಕಬ್ಬಿಣದ ಗಾರ್ಡು, ನೆತ್ತಿಯ ಮೇಲೆ ಕ್ಯಾರಿಯರ್, ಹಿಂದಿನ ಗಾಜಿನ ಮೇಲೆ ‘ಶ್ರೀ ಮಹಾಲಿಂಗೇಶ್ವರ ಪ್ರಸನ್ನ’. ಹಿಂದಿನ ಸೀಟಿಗೆ ಬೆಲ್ಲದ ಜಿಗುಟು ಮೆತ್ತಿ ಇರುವೆಗಳು ಸಾಲುಗಟ್ಟಿದ್ದವು.

ಪ್ರಶ್ನೆ: ಬೊಲೆರೊ ಅವರೇ, ಲೀಟರಿಗೆ ಎಷ್ಟು ಕೊಡುತ್ತೀರಿ?

ಬೊಲೆರೊ: ಬಂದ್ರ್ಯಾ? ಇಪ್ಪತ್ತ ವರ್ಷ ಆತರಿ, ‘ಹ್ಯಾಂಗ ಅದೀಪಾ’ ಅಂತ ಒಬ್ಬರೂ ಕೇಳಿಲ್ಲ. ಬಂದವರೆಲ್ಲಾ ಎವರೇಜೇ ಕೇಳ್ತಾರ. ನಮ್ಮ ಸಾವುಕಾರ್ರು ಎಂಟು ಅಂತಾರ. ಡ್ರೈವರ್ ಹನ್ನೆರಡು ಅಂತಾನ. ಸಾವುಕಾರ್ರ ಮಗ ಬೀಗರ ಮುಂದ ಹದಿನೈದು ಅಂತಾನ. ಮೂರೂ ಸುಳ್ಳು. ಅಳದವರ ಯಾರೂ ಇಲ್ಲ.

ಪ್ರಶ್ನೆ: ಅಳೆಯದೆ ಎಂಟು, ಹನ್ನೆರಡು ಅನ್ನೋದು ಎಲ್ಲಿಂದ ಬಂತು?

ಬೊಲೆರೊ: ಐನೂರರಿಂದ ಬಂತರಿ. ನನ್ನ ಟಾಕಿ ಅರವತ್ತ ಲೀಟರಿಂದು. ಅದು ತುಂಬಿದ್ದನ್ನ ನಾ ನೋಡಿದ್ದು ಸಾವುಕಾರ್ರ ಮಗಳ ಮದುವ್ಯಾಗ, ಅದೂ ಬೀಗರ ಖರ್ಚಿನ್ಯಾಗ. ಉಳದ ದಿನ ಪೆಟ್ರೋಲ್ ಪಂಪಿನ ಮುಂದ ಕಾಚ ಇಳಿಸಿ ಒಂದ ಮಾತು: ‘ಐನೂರರದು ಹಾಕ್.’ ಈಗಿನ ರೇಟಿನ್ಯಾಗ ಐನೂರಕ್ಕ ಐದೂವರಿ ಲೀಟರ್ ಬಂದ್ರ ಪುಣ್ಯ. ಕೆಂಪ ಲೈಟ್ ಹತ್ತಿದಾಗ ಹಾಕ್ತಾರ, ಮತ್ತ ಕೆಂಪ ಲೈಟ್ ಹತ್ತಿದಾಗ ಮೀಟರ್ ನೋಡ್ತಾರ, ನಡುವಿಂದು ಎವರೇಜ್ ಅಂತಾರ. ಗಾಡಿ ಇಳಿಜಾರಿನ್ಯಾಗ ನಿಂತ್ರ ಆ ಲೈಟ್ ಒಮ್ಮೆ ಮೊದಲ ಹತ್ತತೈತಿ, ಒಮ್ಮೆ ತಡಾ ಹತ್ತತೈತಿ. ನಂದೇನ ತಪ್ಪರಿ?

ಪ್ರಶ್ನೆ: ಹಾಗಾದರೆ ಅಳೆಯುವ ಕ್ರಮ ಯಾವುದು?

ಬೊಲೆರೊ: ಟಾಕಿ ತುಂಬಸ್ರಿ. ಪಂಪಿನ ನಳಗಿ ಟಕ್ ಅಂತ ತಾನ ಬಂದ್ ಆಗತೈತೆಲ್ಲ, ಅಲ್ಲಿಗೆ ನಿಲ್ಲಸ್ರಿ. ಮ್ಯಾಲ ಹನಿಹನಿ ತುರಕಬ್ಯಾಡ್ರಿ. ಮೀಟರ್ ಬರಕೊಳ್ರಿ. ಮೂರ್ನೂರು, ನಾಕನೂರು ಕಿಲೋಮೀಟರ್ ಓಡಿಸಿ ಅದ ಪಂಪಿಗೆ ಬಂದು, ಅದ ಜಾಗಾದಾಗ ನಿಂತು, ಮತ್ತ ಟಕ್ ಅನ್ನೂತನಾ ಹಾಕಸ್ರಿ. ಓಡಿದ ಕಿಲೋಮೀಟರನ್ನ ಎರಡನೇ ಸಲ ಹಿಡಿಸಿದ ಲೀಟರಿನಿಂದ ಭಾಗಾ ಹೊಡೀರಿ. ನಾಕನೇತ್ತಾ ಹುಡುಗ ಮಾಡೂ ಲೆಕ್ಕರಿ ಇದು. ಬೆಲ್ಲದ ಪೆಂಟಿ ತೂಕದಾಗ ಅರ್ಧಾ ಕಿಲೋ ಫರಕ್ ಬಂದ್ರ ಕಾಂಟಾ ಸುದ್ದಿಗೆ ಜಗಳಾ ತಗೀತಾರ ನಮ್ಮ ಸಾವುಕಾರ್ರು. ನನ್ನ ಲೆಕ್ಕ ಮಾತ್ರ ಅಂದಾಜು.

ಪ್ರಶ್ನೆ: ತೆರಿಗೆ ಏರಿಸಿದ ಸರ್ಕಾರದ ಮೇಲೆ ಸಿಟ್ಟಿಲ್ಲವೇ?

ಬೊಲೆರೊ: ಅದು ಬೆಂಗಳೂರಿನ ಮಾತು ಬಿಡ್ರಿ. ರೇಟ್ ಏರಿದ್ದು ಸಾವುಕಾರ್ರಿಗೆ ಗೊತ್ತ ಆಗಿಲ್ಲ. ಅವರು ಅವತ್ತೂ ಐನೂರು, ಇವತ್ತೂ ಐನೂರು. ಹೊಟ್ಟಿ ಸಣ್ಣ ಆಗಿದ್ದು ನಂದು.

ಪ್ರಶ್ನೆ: ದೆಹಲಿಯಲ್ಲಿ 2025ರ ಜುಲೈ 1ರಿಂದ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಎಣ್ಣೆಯನ್ನೇ ಹಾಕಬೇಡಿ ಅಂದಿದ್ದರು. ಕೆಲವೇ ದಿನಕ್ಕೆ ಹಿಂದೆ ಸರಿದರು ಅನ್ನಿ. ಹೆದರಿಕೆ ಆಗಲಿಲ್ಲವೇ?

ಬೊಲೆರೊ: ಇಲ್ರಿ. ಅಲ್ಲಿ ಎಣ್ಣಿ ಹಾಕಬ್ಯಾಡ್ರಿ ಅಂದ್ರು, ಇಲ್ಲಿ ಹಾಕೂದ ಇಲ್ಲ. ಫರಕ್ ಏನ್ ಐತಿ?

ಪ್ರಶ್ನೆ: ಇಲ್ಲೇ ಪಕ್ಕದಲ್ಲಿ ಕಬ್ಬಿನಿಂದ ಎಥೆನಾಲ್ ಆಗುತ್ತದೆ. ಪೆಟ್ರೋಲಿಗೆ ಶೇ 20ರಷ್ಟು ಬೆರೆಸುತ್ತಾರೆ. ಡೀಸೆಲ್ಲಿನವರಿಗೆ ಅದರ ಭಾಗ್ಯವಿಲ್ಲವಲ್ಲ?

ಬೊಲೆರೊ: ಬ್ಯಾಡರಿ, ನಮಗ ಆ ಭಾಗ್ಯ! ಎಥೆನಾಲದಾಗ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಸುವು ಕಡಿಮಿ. ಬೈಕಿನ ಹುಡುಗರು ಎವರೇಜ್ ಇಳೀತು ಅಂತ ಅಳಾಕ ಹತ್ತ್ಯಾರ. ಅಳಲಿ. ಅವರರ ಟಾಕಿ ತುಂಬಿಸ್ತಾರ.

ಪ್ರಶ್ನೆ: ನಿಮ್ಮ ಥರ್ಮೋಸ್ಟಾಟ್ ವಾಲ್ವು ಕಿತ್ತು ಹಾಕಿದ್ದಾರಂತೆ?

ಬೊಲೆರೊ: ಹಾಂ, ಒಂದ ಬ್ಯಾಸಿಗ್ಯಾಗ ನೀರ ಕಾದು ಉಕ್ಕಿತ್ತು. ಮಿಸ್ತ್ರಿ ರೇಡಿಯೇಟರ್ ತೊಳಿಯೂದು ಬಿಟ್ಟು ವಾಲ್ವ್ ತಗದ ಒಗದ. ಅವತ್ತಿನಿಂದ ಇಂಜಿನ್ ತಕ್ಕಷ್ಟ ಬಿಸಿ ಆಗೂದಿಲ್ಲ. ತಣ್ಣಗಿದ್ದ ಇಂಜಿನ್ ಹೆಚ್ಚ ಎಣ್ಣಿ ಕುಡೀತೈತಿ. ಚಳಿಗಾಲದಾಗ ಮುಂಜಾನೆ ಸಾವುಕಾರ್ರು ಚಾ ಕುಡದ ಬರೂತನಾ ಚಾಲೂ ಇಟ್ಟು ನಿಲ್ಲಸ್ತಾರ. ನಿಂತಲ್ಲೇ ನಿಂತು ತಾಸಿಗೆ ಅರ್ಧದಿಂದ ಒಂದ ಲೀಟರ್ ಸುಡತೇನಿ. ಆದ್ರ ಅದೆಲ್ಲಾ ಸಣ್ಣ ಮಾತರಿ. ಐನೂರಕ್ಕ ಬರ್ರಿ.

ಪ್ರಶ್ನೆ: ಸ್ವಲ್ಪ ತಾಳಿ. ಟಾಯರ್ ಬಗ್ಗೆಯೂ...

ಬೊಲೆರೊ: ಅದನ್ನೂ ಕೇಳಿಬಿಡ್ರಿ. ಕಂಪನಿ ಕೊಟ್ಟದ್ದು 215ರ ಟಾಯರು. ಮಗರಾಯ ಗತ್ತಿಗೆ 235ರ ದಪ್ಪ ಟಾಯರ್ ಹಾಕಿಸ್ಯಾನ. ದೊಡ್ಡ ಗಾಲಿ ಒಂದ ಸುತ್ತಿಗೆ ಹೆಚ್ಚ ದೂರ ಹೋಗತೈತಿ, ಮೀಟರಿಗೆ ಅದು ತಿಳಿಯೂದಿಲ್ಲ. ಮೀಟರ್ ನೂರು ಅಂದ್ರ ನಾ ಖರೇನ ಓಡಿದ್ದು ನೂರಾ ನಾಕು. ನನ್ನ ದುಡಿಮ್ಯಾಗ ನೂರಕ್ಕ ನಾಕು ಕಿಲೋಮೀಟರ್ ಹಾಡಹಗಲ ಕಳವು! ಮ್ಯಾಲ ಗಾಳಿ ಕಡಿಮಿ. ನೆತ್ತಿ ಮ್ಯಾಲ ಖಾಲಿ ಕ್ಯಾರಿಯರ್, ವರ್ಷಕ್ಕೊಮ್ಮೆ ಮನಿದೇವರಿಗೆ ಹೋಗುವಾಗ ಹಾಸಿಗಿ ಹೇರೂದಕ್ಕ. ಮುಂದ ಕಬ್ಬಿಣದ ಗಾರ್ಡು. ಅಂಥಾ ಗಾರ್ಡ್ ಕೂಡದು ಅಂತ 2017ರಾಗ ಸರ್ಕಾರ ಹೇಳೇತಿ, ಕೇಳಿದವರ್ಯಾರು? ಮುಧೋಳ ನಾಯಿ ಹಂಗ ಓಡಬೇಕು ಅಂತೀರಿ, ಆ ನಾಯಿ ಮೈಮ್ಯಾಲ ಇಷ್ಟ ಸಾಮಾನ ಕಟ್ಟಿ ನೋಡ್ರಿ.

ಪ್ರಶ್ನೆ: ಮುಧೋಳದ ಮಾತು ಬಂತು ನೋಡಿ. ಮೊದಲು ಮಹಾಲಿಂಗಪುರದ ನಾವು ಮುಧೋಳ ತಾಲೂಕಿನಲ್ಲಿದ್ದೆವು. 2017ರ ಬಜೆಟ್ಟಿನಲ್ಲಿ 49 ಹೊಸ ತಾಲೂಕು ಘೋಷಣೆಯಾದವು, ನಮ್ಮನ್ನು ರಬಕವಿ-ಬನಹಟ್ಟಿಗೆ ಸೇರಿಸಿದರು. ಆಮೇಲೆ ತೇರದಾಳವೂ ತಾಲೂಕಾಯಿತು. ಇಷ್ಟು ದೊಡ್ಡ ಬೆಲ್ಲದ ಪೇಟೆ ಇರುವ ಊರು ತಾಲೂಕಾಗಿದ್ದರೆ ನಿಮಗೆ ಎಷ್ಟು ಡೀಸೆಲ್ ಉಳಿಯುತ್ತಿತ್ತು?

ಬೊಲೆರೊ: ಇದು ಪ್ರಶ್ನೀನೋ ಭಾಷಣಾನೋ?

ಪ್ರಶ್ನೆ: ಪ್ರಶ್ನೆಯೇ. ತಹಶೀಲ್ದಾರ್ ಸಹಿಗೆ ಒಂದು ಊರು, ಎಸಿ ಸಾಹೇಬರಿಗೆ ಜಮಖಂಡಿ, ಆರ್‌ಟಿಓಗೂ ಜಮಖಂಡಿ, ಡಿಸಿ ಆಫೀಸಿಗೆ ಬಾಗಲಕೋಟೆ. ಒಂದು ಉತಾರಕ್ಕೆ ಹೋಗಿ ‘ಸಾಹೇಬ್ರು ಮೀಟಿಂಗಿನಲ್ಲಿದ್ದಾರೆ’ ಎಂದು ಕೇಳಿಸಿಕೊಂಡು ಬರುವ ಡೀಸೆಲ್ ಇದೆಯಲ್ಲ, ಅದನ್ನು ಯಾವ ನಾಜಲ್ ಸರಿ ಮಾಡಿದರೂ ಉಳಿಸಲಾಗದು. ಓಡದ ಗಾಡಿಯೇ ಹೆಚ್ಚು ಎವರೇಜ್ ಕೊಡುವ ಗಾಡಿ. ಹೌದೋ ಅಲ್ಲೋ?

ಬೊಲೆರೊ: ನೀವು ತಾಲೂಕ ಬೇಕನ್ನೂ ಧರಣಿ ಟೆಂಟಿನ್ಯಾಗ ಕುಂತವರಂಗ ಕಾಣ್ತೀರಿ. ನನಗ ಹೊಗಿ ಬಗ್ಗೆ ಕೇಳ್ರಿ.

ಪ್ರಶ್ನೆ: ಸರಿ, ಕರಿ ಹೊಗೆ ಯಾಕೆ?

ಬೊಲೆರೊ: ಕರಿ ಹೊಗಿ ಅಂದ್ರ ಸುಡದ ಎಣ್ಣಿ. ಗಾಳಿ ಸಾಲದು, ಇಲ್ಲಾ ಎಣ್ಣಿ ಅತಿ. ಏರ್ ಫಿಲ್ಟರ್ ತಗದ ಕಿಟಕಿಗೆ ಹಿಡೀರಿ. ಈ ಕರಿ ನೆಲದ ಧೂಳದಾಗ ಬೆಳಕ ಕಾಣೂದಿಲ್ಲ. ಎರಡನೇದು, ನಾಜಲ್. ಇಂಜಿನ್ ಒಳಗ ಎಣ್ಣಿ ಮಂಜಿನಂಗ ಉದುರಬೇಕು, ಇವು ಸವದು ಮೂತ್ರದಂಗ ಸುರೀತಾವ. ಡೀಸೆಲ್ ಪಂಪಿನ ಲ್ಯಾಬಿಗೆ ಕೊಟ್ಟು ಪ್ರೆಶರ್ ನೋಡಸ್ರಿ ಅಂದ್ರ ಸಾವುಕಾರ್ರು ಪಂಪಿನ ಸ್ಕ್ರೂ ತಿರವಿ ‘ಎಣ್ಣಿ ಟೈಟ್ ಮಾಡು’ ಅಂತಾರ. ಟೈಟ್ ಮಾಡಿದ್ರ ಏನಾತು? ಜಗ್ಗೂದಿಲ್ಲ. ಡ್ರೈವರ್ ಕಾಲ ಗಟ್ಟಿ ಒತ್ತತಾನ, ನಾಕನೇ ಗೇರಿನ್ಯಾಗ ಹೋಗೂದು ಮೂರನೇದಾಗ ಹೋಗತೈತಿ. ಉಳದದ್ದು ಸೊನ್ನಿ. ಒಮ್ಮೆ ಚಿಮಣಿ ಎಣ್ಣಿನೂ ಬೆರಸಿದ್ರು. ಅದರಾಗ ಡೀಸೆಲ್ಲಿನ ಜಿಡ್ಡಿಲ್ಲ, ಒಳಗಿನ ಪಂಪ್ ಸವೀತೈತಿ. ಲೀಟರಿಗೆ ಉಳಿಸಿದ್ದು ಲ್ಯಾಬಿನವಂಗ ಹೋತು. ಖರೇ ಹೇಳ್ಬೇಕಂದ್ರ ಇಷ್ಟೆಲ್ಲಾ ಆದದ್ದೂ ಐನೂರರಿಂದನ. ತಳ ಕಾಣೂ ಟಾಕ್ಯಾಗಿನ ಹೊಲಸೆಲ್ಲಾ ಡೀಸೆಲ್ ಫಿಲ್ಟರಿಗೆ...

ಪ್ರಶ್ನೆ: ಐನೂರು ಸಾಕು. ಟಾಪ್ ಗೇರಿನಲ್ಲಿ, ಒಂದೇ ಸಮನೆ ಐವತ್ತು-ಅರವತ್ತರ ವೇಗದಲ್ಲಿ ಹೋದರೆ ಎವರೇಜ್ ಹೆಚ್ಚುತ್ತದೆ ಎನ್ನುತ್ತಾರೆ. ಮುಧೋಳ ರಸ್ತೆಯಲ್ಲಿ ಪ್ರಯತ್ನ ಮಾಡಿಲ್ಲವೇ?

ಬೊಲೆರೊ: ಮಾತು ಖರೇ ಐತಿ. ಜೋರ ಹೋದಷ್ಟೂ ಗಾಳಿ ಎದಿಗೆ ಒದೀತೈತಿ, ನಾನರ ಡಬ್ಬಿ ಆಕಾರದಾಂವ. ಆದ್ರ ಕಬ್ಬಿನ ಹಂಗಾಮಿನ್ಯಾಗ ಮುಧೋಳ ರಸ್ತೇದಾಗ ಒಂದ ಸಮ ಯಾರ ಹೋಗ್ಯಾರ್ರಿ? ಮುಂದ ಡಬಲ್ ಟ್ರೇಲರ್ ಕಬ್ಬಿನ ಟ್ರ್ಯಾಕ್ಟರ್, ಅದರ ಮುಂದ ಇನ್ನೊಂದು, ಅದರ ಮುಂದ...

(ಇಲ್ಲಿ ಬೊಲೆರೊ ಸುಮ್ಮನಾಯಿತು. ಎವರೇಜಿನ ಮುಂದಿನ ಪ್ರಶ್ನೆಗೆ ಹೋಗಲು ನೋಡಿದೆ, ಬಿಡಲಿಲ್ಲ.)

ಬೊಲೆರೊ: ಬರಕೊಳ್ರಿ, ಇದನ್ನ ನಗಿ ಮಾಡಬ್ಯಾಡ್ರಿ. ರಾತ್ರಿ ಹನ್ನೊಂದಕ್ಕ ಟ್ರೇಲರ್ ಪಂಕ್ಚರ್ ಆಗತೈತಿ. ನಡು ರಸ್ತೇದಾಗ ಬಿಡ್ತಾರ. ಗಾಲಿಗೆ ಎರಡ ಕಲ್ಲ ಕೊಡ್ತಾರ, ಹಿಂದ ಒಂದ ಟೊಂಗಿ ಚೆಲ್ತಾರ, ಆತು. ಕೆಂಪ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಕಬ್ಬಿನ ಸ್ವಾಗಿ ಹಿಂದ ಜೋತು ಬಿದ್ದು ಇದ್ದ ದೀಪಾನೂ ಮುಚ್ಚಿರತೈತಿ. ಎದುರಿನ ಗಾಡಿ ಲೈಟ್ ಕಣ್ಣಿಗೆ ಹೊಡದಾಗ ಆ ಕರಿ ಗುಡ್ಡ ಕಾಣೂದ ಇಲ್ಲ, ಕಂಡಾಗ ಬ್ರೇಕಿಗೆ ಜಾಗಾ ಇರೂದಿಲ್ಲ. ಬೈಕಿನ ಮ್ಯಾಲ ಜಾತ್ರಿ ಮುಗಿಸಿ ಬರೂ ಹುಡುಗರು, ಲಗ್ನಾ ಮುಗಿಸಿ ಬರೂ ಮಂದಿ. ಹಂಗಾಮ ಬಂತಂದ್ರ ಪೇಪರಿನ್ಯಾಗ ಇದ ಸುದ್ದಿ. ‘ಚಾಲಕನ ನಿಯಂತ್ರಣ ತಪ್ಪಿ’ ಅಂತ ಬರೀತೀರಿ ನೀವು. ಯಾರ ನಿಯಂತ್ರಣ ತಪ್ಪೇತರಿ? ಹಿಂದ ಕೆಂಪ ರಿಫ್ಲೆಕ್ಟರ್ ಇರಬೇಕು ಅಂತ ಮೋಟಾರು ವಾಹನ ನಿಯಮದಾಗ ಐತಿ. ಕಾರ್ಖಾನಿ ಗೇಟಿನ್ಯಾಗ ಟ್ರೇಲರ್ ನಿಲ್ಲಿಸಿ ಕಿಲೋ ಲೆಕ್ಕದಾಗ ತೂಗ್ತಾರ. ಸಕ್ಕರಿ ರಿಕವರಿ ದಶಾಂಶದಾಗ ಹೇಳ್ತಾರ. ಅದ ಗೇಟಿನ್ಯಾಗ ಒಬ್ಬ ಹುಡುಗ ನಿಂತು ಹಿಂದ ಕೆಂಪ ಪಟ್ಟಿ ಹಚ್ಚಿ ಕಳಸಾಕ ಏನ್ ಕೋಟಿ ಖರ್ಚ ಐತಿ? 2025ರ ನವೆಂಬರದಾಗ ಸಮೀರವಾಡಿ ಕಾರ್ಖಾನ್ಯಾಗ ಕಬ್ಬಿನ ಟ್ರೇಲರಿಗೆ ಬೆಂಕಿ ಬಿತ್ತು, ಸುಟ್ಟದ್ದು ಎಷ್ಟು ಅಂತ ಮಂತ್ರಿಗಳಿಂದ ಹಿಡದು ಎಲ್ಲಾರೂ ಎಣಿಸಿದ್ರು. ದೀಪ ಇಲ್ಲದ್ದು ಎಷ್ಟು ಅಂತ ಎಣಿಸಿದವರ ಹೆಸರ ಹೇಳ್ರಿ.

ಪ್ರಶ್ನೆ: ಅದಕ್ಕೇ ನಾನು ಹೇಳೋದು. ಮಹಾಲಿಂಗಪುರ ತಾಲೂಕಾಗಿದ್ದು ತಹಶೀಲ್ದಾರರು ಇಲ್ಲೇ ಇದ್ದಿದ್ದರೆ...

ಬೊಲೆರೊ: ಮುಧೋಳದಾಗ ತಹಶೀಲ್ದಾರ್ ಇಲ್ಲೇನ್ರಿ? ಜಮಖಂಡ್ಯಾಗ ಎಸಿ ಸಾಹೇಬ್ರು ಇಲ್ಲೇನು? ಅಲ್ಲಿ ಟ್ರೇಲರಿಗೆ ದೀಪ ಅದಾವೇನು?

(ಈ ಪ್ರಶ್ನೆಗೆ ಧರಣಿ ಟೆಂಟಿನಲ್ಲಿ ಕೇಳಿದ ಯಾವ ಭಾಷಣದಲ್ಲೂ ಉತ್ತರ ಸಿಗಲಿಲ್ಲ. ವಿಷಯಕ್ಕೆ ಮರಳಿದೆ.)

ಪ್ರಶ್ನೆ: ಓದುಗರಿಗೆ ನಾಳೆಯೇ ಮಾಡಬಹುದಾದ್ದು ಒಂದು ಹೇಳಿ. ಐನೂರನ್ನು ಬಿಟ್ಟು.

ಬೊಲೆರೊ: ಬಿಟ್ಟೆ. ಹತ್ತ ಕಿಲೋಮೀಟರ್ ಬ್ರೇಕ್ ಕಡಿಮಿ ಹೊಡದು ಓಡಸ್ರಿ, ನಿಲ್ಲಿಸಿ ನಾಕೂ ಗಾಲಿ ನಡುವಿನ ಹತ್ರ ಅಂಗೈ ಹಿಡೀರಿ. ಮುಟ್ಟಬ್ಯಾಡ್ರಿ, ಸುಡತೈತಿ. ಮೂರ ಬೆಚ್ಚಗ, ಒಂದ ಕೆಂಡದಂಗ ಇದ್ರ ಅಲ್ಲಿ ಬ್ರೇಕ್ ಹಿಡದು ನಿಂತೈತಿ ಅಂತ ತಿಳೀರಿ. ನನಗ ಹಿಂದಿನ ಎಡಗಾಲಿ ಹಂಗ ಹಿಡದಿತ್ತು. ಒಂದ ಕಾಲ ಕಟ್ಟಿ ಓಡಿಸಿ ಎವರೇಜ್ ಇಲ್ಲ ಅಂತ ಬೈತಿದ್ರು. ಮಿಸ್ತ್ರಿ ಬಿಚ್ಚಿ ಸಾಫ್ ಮಾಡಿ ಗ್ರೀಸ್ ಹಚ್ಚಿದ. ಈಗ ಕೈಲೆ ದೂಕಿದ್ರ ಉರುಳತೇನಿ.

ಪ್ರಶ್ನೆ: ಹತ್ತು ಸಾವಿರ ಕಟ್ಟಿ ಇನ್ನೂ ಐದು ವರ್ಷ ಓಡಿಸುತ್ತಾರಾ, ಗುಜರಿಗೆ ಹಾಕುತ್ತಾರಾ?

ಬೊಲೆರೊ: ಕಟ್ಟ್ಯಾರ್ರಿ. ಬೈಕೋತ ಕಟ್ಟ್ಯಾರ. ನಾಳೆ ಜಮಖಂಡ್ಯಾಗ ಪಾಸಿಂಗ್ ಐತಿ. ಸಾಹೇಬ್ರು ಬಗ್ಗಿ ನೋಡ್ತಾರಂತ, ಹಿಂದಿನ ಎರಡೂ ಕೆಂಪ ದೀಪ ಉರೀಬೇಕಂತ, ರಿಫ್ಲೆಕ್ಟರ್ ಪಟ್ಟಿ ಇರಬೇಕಂತ, ಒಂದ ಕಡಿಮಿ ಆದ್ರೂ ಪಾಸ್ ಮಾಡೂದಿಲ್ಲಂತ. ಡ್ರೈವರ್ ಪಟ್ಟಿ ತರಾಕ ಪ್ಯಾಟಿಗೆ ಹೋಗ್ಯಾನ. ಹೆಂಗೂ ಬಂದೀರಿ, ಸ್ವಲ್ಪ ಹಿಂದ ನಿಂತು ನೋಡ್ರಿ ಸರ, ಬಲಗಡಿದು ಹತ್ತತೈತೋ ಇಲ್ಲೋ.