ಬೋಳುತಲೆಯವನ ಬಾಚಣಿಗೆ

ಶಿವಮೊಗ್ಗದಲ್ಲಿ ನೆಂಟರ ಮದುವೆ. ಸಾರಿನ ಖಾರಕ್ಕೆ ಮೂಗಲ್ಲಿ ನೀರಿಳಿಯಿತೆಂದು ಜುಬ್ಬಾದ ಜೇಬಿನಿಂದ ಕರವಸ್ತ್ರ ಎಳೆದೆ. ಜೊತೆಗೇ ಸ್ಟೀಲಿನ ಬಾಚಣಿಗೆಯೊಂದು ಹಾರಿ ಪಕ್ಕದೆಲೆಯ ಕೋಸಂಬರಿಯ ಮೇಲೆ ಬಿತ್ತು. ಪಕ್ಕದೆಲೆ ನನ್ನ ಷಡ್ಡಕನದು. ಅವರು ಬಾಚಣಿಗೆ ನೋಡಿದರು, ನನ್ನ ತಲೆ ನೋಡಿದರು, ಮತ್ತೆ ಬಾಚಣಿಗೆ ನೋಡಿದರು. ಕೊನೆಗೆ ಬಲು ಮರುಕದಿಂದ, "ಇರಲಿ ಬಿಡಿ, ಮನುಷ್ಯನಿಗೆ ಆಸೆ ಅನ್ನೋದು ಇರಬೇಕು" ಎಂದರು.

ನನ್ನ ತಲೆ ನಲವತ್ತಕ್ಕೇ ಬಟ್ಟಬಯಲಾಗಿತ್ತು. ಹಾಗಾಗಿ ಇಪ್ಪತ್ತು ವರ್ಷ ಬಾಚಣಿಗೆಯ ಹಂಗಿಲ್ಲದೆ ಬದುಕಿದ್ದೆ. ಆಮೇಲೆ ಮಗಳು ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ನಾಯಿಯನ್ನು ನಮ್ಮ ಮಡಿಲಿಗೆ ಹಾಕಿ ಹೋದಳು. ತೂಕ ಆರು ಕಿಲೋ, ಅದರಲ್ಲಿ ಮೂರು ಕಿಲೋ ಕೂದಲೇ ಇರಬೇಕು ಅನ್ನಿಸುವಂಥ ಪ್ರಾಣಿ. ಜಾತಿ ಶಿಹ್ ತ್ಸು. ಅದನ್ನು ಕೇಳಿದ ಅಮ್ಮ, "ಪಾಪ, ಮನೆಗೆ ಬಂದ ಜೀವಕ್ಕೆ ಛೀ ಥೂ ಅಂತ ಯಾಕೋ ಬೈತೀರ?" ಎಂದಳು. ಚೀನಿ ಭಾಷೆಯಲ್ಲಿ ಅದರರ್ಥ ಸಿಂಹ ಎಂದು ವಿವರಿಸಿದ ಮೇಲೆ ಅವಳೇ 'ಸಿಂಗ' ಎಂದು ಹೆಸರಿಟ್ಟಳು.

ಸಿಂಗನ ಮನೆತನ ದೊಡ್ಡದು. ಟಿಬೆಟ್ಟಿನ ನಂಟು, ಚೀನಾದ ಅರಮನೆಯ ಬಾಳು. 1908ರಲ್ಲಿ ತೀರಿಕೊಂಡ ರಾಜಮಾತೆ ಸಿಶಿ ಇಂಥ ನಾಯಿಗಳನ್ನು ಸಾಕಿದ್ದಳು. 1930ರಲ್ಲಿ ಇವು ಇಂಗ್ಲೆಂಡಿಗೆ ಹಡಗೇರಿದವು. ಇಷ್ಟು ತಲೆಮಾರುಗಳಲ್ಲಿ ಇವಕ್ಕೆ ಯಾರೂ ಬೇಟೆ, ಕಾವಲು, ಕುರಿ ಕಾಯುವುದು ಅಂತ ಒಂದು ಕೆಲಸ ಹೇಳಿದವರಿಲ್ಲ. ತೊಡೆಯ ಮೇಲೆ ಕೂರುವುದೇ ಉದ್ಯೋಗ. ಸಿಂಗ ಆ ಉದ್ಯೋಗದಲ್ಲಿ ಒಂದು ದಿನವೂ ರಜೆ ಹಾಕಿದವನಲ್ಲ.

ನಮ್ಮ ನಾಡಿನ ನಾಯಿಗಳ ಖದರೇ ಬೇರೆ. ಹತ್ತನೆಯ ಶತಮಾನದಲ್ಲಿ, ಅರಸ ಮೆಚ್ಚಿ "ಏನು ಬೇಕೋ ಕೇಳು" ಎಂದಾಗ ಮಣಲೆರ ಎಂಬ ವೀರ ಊರು ಕೇರಿ ಬಿಟ್ಟು ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ಕಾಡುಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಆ ಕಥೆ ಹೇಳುವ ಆತಕೂರಿನ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಸಿಂಗ ಕುಕ್ಕರ್ ಮೂರನೆಯ ಸಲ ಕೂಗಿದರೆ ಮಂಚದ ಕೆಳಗೆ ಸೇರುತ್ತಾನೆ. ಕಳ್ಳ ಬಂದರೆ ಬಾಲ ಅಲ್ಲಾಡಿಸಿ ಬೀರುವಿನವರೆಗೂ ಕರೆದೊಯ್ಯುವಷ್ಟು ಅತಿಥಿಸತ್ಕಾರ ಅವನದು. ಹಾಗೆಂದು ಮೆತ್ತಗಿನವನು ಎಂದುಕೊಳ್ಳಬೇಡಿ. ಹಟಕ್ಕೆ ಬಿದ್ದರೆ ಕಲ್ಲು. ಮಳೆ ಬಂದು ಅಂಗಳ ಒದ್ದೆಯಾದರೆ ಕಾಲಿಡುವುದಿಲ್ಲ. ನಾನು ಕೊಡೆ ಹಿಡಿದು, ಆ ಒಂದು ಕೆಲಸ ಮುಗಿಸಪ್ಪಾ ಎಂದು ಬೇಡುತ್ತಿದ್ದರೆ, ಅರಮನೆಯವನು ಹೊಸ್ತಿಲಲ್ಲೇ ಕೂತು ನನ್ನನ್ನು ನೋಡುತ್ತಾನೆ.

ಮೂಗು ಚಪ್ಪಟೆ, ಹಾಗಾಗಿ ಸೆಕೆ ತಡೆಯದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಯಬೇಕು. ಹಗಲೆಲ್ಲ ಬಚ್ಚಲ ಬಾಗಿಲ ತಂಪು ನೆಲದ ಮೇಲೆ ಹೊಟ್ಟೆಯೂರಿ ಗೊರಕೆ. ದೊಡ್ಡ ಕಣ್ಣು, ಅದಕ್ಕೆ ಕೂದಲು ಚುಚ್ಚಬಾರದೆಂದು ಅಮ್ಮ ಜುಟ್ಟು ಕಟ್ಟುತ್ತಾಳೆ. ಹೊಟ್ಟೆಗೆ ಹಿಟ್ಟು, ಜುಟ್ಟಿಗೆ ಮಲ್ಲಿಗೆ ಎರಡೂ ದಕ್ಕಿದ ಪುಣ್ಯವಂತ ಅವನೊಬ್ಬನೇ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ, ಕೊಡಲೇಬೇಡಿ ಎಂದು ಡಾಕ್ಟರು ಹೇಳಿದ ದಿನದಿಂದ ಅಮ್ಮನಿಗೆ ಅವನ ಮೇಲೆ ಗೌರವ ಹೆಚ್ಚಿತು. "ಹಿಂದಿನ ಜನ್ಮದಲ್ಲಿ ಯಾರೋ ಮಡಿವಂತರು ಕಣೋ" ಎಂದಳು. ಮಡಿವಂತರು ಪಾಯಸದ ದ್ರಾಕ್ಷಿಯನ್ನೂ ಮುಟ್ಟುವಂತಿಲ್ಲ, ಮೂತ್ರಪಿಂಡಕ್ಕೆ ಅಪಾಯ ಎಂದಾಗ ಮಾತ್ರ ನೊಂದುಕೊಂಡಳು.

ಇನ್ನು ಆ ಕೂದಲು. ಬೆಳೆಯುತ್ತಲೇ ಇರುತ್ತದೆ, ಉದುರಿದ್ದೂ ನೆಲಕ್ಕೆ ಬೀಳದೆ ಉಳಿದ ಕೂದಲಿಗೆ ಸಿಕ್ಕಿ ಗಂಟಾಗುತ್ತದೆ. ದಿನಾ ರಾತ್ರಿ ಎಂಟಕ್ಕೆ ಅವನು ನನ್ನ ಕಾಲ ಬಳಿ ಬೆನ್ನು ತಿರುಗಿಸಿ ಕೂರುತ್ತಾನೆ. ನಾನು ಒಂದಿಷ್ಟು ನೀರು ಚಿಮುಕಿಸಿ, ಪದರ ಪದರ ಬಿಡಿಸಿ, ಬುಡದಿಂದ ಬಾಚುತ್ತೇನೆ. ಕಿವಿಯ ಹಿಂದೆ, ಕಂಕುಳಲ್ಲಿ ಹೆಚ್ಚು ಹೊತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಕೂದಲಿದ್ದವನಿಗೆ ಕೈಯಿಲ್ಲ, ಕೈಯಿದ್ದವನಿಗೆ ಕೂದಲಿಲ್ಲ. ಇಬ್ಬರೂ ಸೇರಿದರೆ ಒಂದು ಕ್ರಾಪು.

ಅಂಥ ಬಾಚಣಿಗೆ ನನಗರಿವಿಲ್ಲದೆ ಜುಬ್ಬಾದ ಜೇಬು ಸೇರಿ ಶಿವಮೊಗ್ಗಕ್ಕೆ ಬಂದಿತ್ತು. ಅಂದರೆ ನಾಲ್ಕು ದಿನ ಮೈಸೂರಿನಲ್ಲಿ ಸಿಂಗನಿಗೆ ಬಾಚಣಿಗೆಯಿಲ್ಲ. ಮನೆಯಲ್ಲಿದ್ದ ಅಮ್ಮ ಅವನ ಅವತಾರ ನೋಡಲಾರದೆ, ಕೊಬ್ಬರಿ ಎಣ್ಣೆ ಹಚ್ಚಿ ಬಿಸಿನೀರು ಹುಯ್ದು ಅಭ್ಯಂಜನ ಮಾಡಿಸಿದ್ದಳು. ಗಂಟು ಬಿಡಿಸದೆ ನೀರು ಹಾಕಿದರೆ ಗಂಟು ಇನ್ನೂ ಬಿಗಿಯುತ್ತದೆ. ನಾವು ಬಂದಾಗ ನಾಯಿಯ ಮೈಮೇಲೆ ಕೂದಲಿರಲಿಲ್ಲ, ಕಂಬಳಿಯಿತ್ತು.

ನಾಯಿಗಳ ಸಲೂನಿಗೆ ಒಯ್ದೆವು. ಅಲ್ಲಿನ ಹುಡುಗ, "ಬಿಡಿಸೋಕೆ ಹೋದ್ರೆ ಚರ್ಮಕ್ಕೆ ನೋವಾಗುತ್ತೆ ಸಾರ್, ತೆಗೆದುಬಿಡೋಣ" ಎಂದು ಮಷೀನು ಹಿಡಿದ. ನನ್ನ ಒಂದು ವರ್ಷದ ಕ್ಷೌರದ ಖರ್ಚನ್ನು ಒಂದೇ ಗಂಟೆಯಲ್ಲಿ ತೆತ್ತೆ. ಹೊರಗೆ ಬಂದದ್ದು ಸಿಂಹವಲ್ಲ, ಸುಲಿದ ಕಡಲೆಕಾಯಿ. ಸಂಜೆ ಜಗಲಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದಾಗ ಹೆಂಡತಿ, "ಅಯ್ಯೋ, ಈಗ ಅಪ್ಪ ಮಗನ ಹಾಗೇ ಇದ್ದೀರಿ" ಎಂದಳು. ಸಿಂಗ ಮಂಚದ ಕೆಳಗೆ ಹೋದ. ನನಗೂ ಹೋಗಬೇಕೆನ್ನಿಸಿತು, ಜಾಗವಿರಲಿಲ್ಲ.

ರಾತ್ರಿ ಎಂಟಾಯಿತು. ಟಿ.ವಿ. ಮುಂದೆ ಕೂತಿದ್ದೆ. ಕಾಲಿಗೆ ಬೆಚ್ಚಗೆ ಏನೋ ತಗುಲಿತು. ಬಗ್ಗಿ ನೋಡಿದರೆ ಸಿಂಗ, ಎಂದಿನಂತೆ ಬೆನ್ನು ತಿರುಗಿಸಿ ಕಾಯುತ್ತಿದ್ದಾನೆ. ಜೇಬಿನಿಂದ ಬಾಚಣಿಗೆ ತೆಗೆದು ಕುತ್ತಿಗೆಯಿಂದ ಬಾಲದವರೆಗೆ, ಪದರ ಪದರವಾಗಿ, ಹತ್ತು ನಿಮಿಷ ಬಾಚಿದೆ. ಇಲ್ಲದ ಕೂದಲನ್ನು ಬಾಚುವುದರಲ್ಲಿ ನನಗೆ ಅನುಭವವಿದೆ.