ಅಟ್ಟದ ಮೇಲಿನ ರಟ್ಟು, ಡಬ್ಬದೊಳಗಿನ ಡಿಸ್ಕು

ನಮ್ಮ ಅಕ್ಕನನ್ನು ಕೊಟ್ಟದ್ದು ಸೇಲಂ ಬಳಿಯ ಇಳಂಪಿಳ್ಳೈಗೆ. ಸೀರೆಗೆ ಹೆಸರಾದ ಊರು. ಬೀದಿಯಲ್ಲಿ ಮಗ್ಗದ ಸದ್ದು. ಅಕ್ಕನ ಮನೆಯೊಳಗೆ ದೇವಾಂಗರ ಕನ್ನಡ, ಬೇಕಾದಷ್ಟು ತಮಿಳು ಬೆರೆತದ್ದು. ಭಾವನ ಕಸುಬು ಸೀರೆಯ ಅಂಚು, ಸೆರಗುಗಳ ಡಿಸೈನ್. ಅವರಪ್ಪನ ಕಾಲದಲ್ಲಿ ಡಿಸೈನ್ ಅಂದರೆ ಗ್ರಾಫ್ ಹಾಳೆ, ಅದನ್ನು ನೋಡಿಕೊಂಡು ತೂತು ಹೊಡೆದ ರಟ್ಟಿನ ಕಾರ್ಡು. ಹೊಕ್ಕಿನ ಒಂದೊಂದು ಎಳೆಗೆ ಒಂದೊಂದು ಕಾರ್ಡು; ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಕಡ ತಂದ. ಹಾಗಾಗಿ ಕಂಪ್ಯೂಟರ್ ನಮ್ಮ ಬೀಗರ ಕಡೆಯವರೇ ಎಂದು ಭಾವ ಹೇಳಿಕೊಳ್ಳುವುದುಂಟು.

ಹಳೆಯ ಕಾರ್ಡುಗಳ ಕಟ್ಟು ಅಟ್ಟದ ಮೇಲಿತ್ತು. ಅದಕ್ಕಿದ್ದ ಶತ್ರು ಇಲಿ. ಮನುಷ್ಯ ಹೊಡೆದ ತೂತಿಗೂ ಇಲಿ ಕೊರೆದ ತೂತಿಗೂ ಮಗ್ಗ ಭೇದ ಎಣಿಸುವುದಿಲ್ಲ, ಎಳೆ ಎತ್ತಿಬಿಡುತ್ತದೆ. ಹಾಗೆ ನವಿಲಿನ ಕತ್ತಿನಲ್ಲಿ ಮಚ್ಚೆ ಮೂಡಿದ ಸೀರೆಗಳು ಹೊಸ ಮಾದರಿ ಎಂದೇ ಖರ್ಚಾದವಂತೆ. ಅಕ್ಕನ ಮಾವ ಹೇಳುತ್ತಿದ್ದ ಕಥೆ. ವ್ಯಾಪಾರಸ್ಥರ ಮಾತು, ನಂಬುವುದು ನಿಮಗೆ ಬಿಟ್ಟದ್ದು.

ಈಗ ಎಲ್ಲ ನವಿಲುಗಳೂ ಒಂದು ಡೆಸ್ಕ್‌ಟಾಪಿನೊಳಗೆ. ಆಯುಧಪೂಜೆಗೆ ಅದಕ್ಕೆ ವಿಭೂತಿ, ಕುಂಕುಮ, ಚೌಡೇಶ್ವರಿಯ ಮುಂದಿಟ್ಟ ನಿಂಬೆಹಣ್ಣು ಎಲ್ಲ ಉಂಟು. ಎರಡನೆಯ ಪ್ರತಿ ಮಾತ್ರ ಇರಲಿಲ್ಲ. ಕೇಳಿದರೆ "ಬೀರುವಿನಲ್ಲಿ ಹೊರಗಿನ ಡಿಸ್ಕು ಇದೆಯಲ್ಲ" ಅನ್ನುತ್ತಿದ್ದರು. ಇತ್ತು, ಅಕ್ಕನ ಧಾರೆ ಸೀರೆಯ ಕೆಳಗೆ. ಅದರಲ್ಲಿದ್ದದ್ದು ಯಾರದೋ ಮದುವೆಯ ವಿಡಿಯೊ, ಅದೂ ಊಟದ ಪಂಕ್ತಿ.

ಒಂದು ಸಂಜೆ ಕರೆಂಟು ಹೋಗಿ ಬಂದದ್ದೇ ಒಳಗಿನ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ಭಾವನ ಮುಖ ಬಿಳಿಚಿತು. ಅಕ್ಕನ ಅತ್ತೆ ಮಾತ್ರ ಅಲುಗಾಡಲಿಲ್ಲ: "ಎಲ್ಲಿಗೆ ಹೋಗುತ್ತೆ? ಮೆಟ್ಟೂರಿನಲ್ಲಿ ನೀರಿಳಿದರೆ ನಂದಿ ಕಾಣಿಸಲ್ವಾ, ಹಾಗೆ ಬರುತ್ತೆ." 1934ರಲ್ಲಿ ಮುಗಿದ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಜಲಕಂಠೇಶ್ವರನ ಗುಡಿಯ ನಂದಿ, ನೀರು ಕಮ್ಮಿಯಾದ ವರ್ಷ ಪಣ್ಣವಾಡಿಯಲ್ಲಿ ತಲೆ ಎತ್ತುವುದು ನಿಜ. ಆದರೆ ಅದು ಕಲ್ಲಿನದು.

ಧರ್ಮಪುರಿಯಿಂದ ಭಾವನ ಸೋದರಳಿಯ ತೊಪ್ಪೂರು ಘಾಟಿ ಇಳಿದು ಬಂದ. ಪುಣ್ಯಕ್ಕೆ ಡಿಸ್ಕು ಇನ್ನೂ ಉಸಿರಾಡುತ್ತಿತ್ತು. ಡಿಸೈನುಗಳನ್ನು ಮೊದಲು ಹೊರಗೆ ತೆಗೆದ. ಆಮೇಲೆ ಬೇರೆ ಬೇರೆ ಕಂಪನಿಯ ಎರಡು ಹೊಸ ಡಿಸ್ಕು ತರಿಸಿದ. ಒಂದೇ ಕಡೆ ಒಂದೇ ದಿನ ತಯಾರಾದವು ಒಟ್ಟೊಟ್ಟಿಗೇ ಕಣ್ಣು ಮುಚ್ಚುವುದುಂಟಂತೆ.

"ಎರಡು ಯಾಕಪ್ಪಾ, ಒಂದು ಸಾಲದಾ?" ಎಂದರು ಭಾವ.

"ಇಷ್ಟು ದಿನ ಒಂದೇ ಇತ್ತಲ್ಲ ಮಾವ."

ಡಬ್ಬ ಬಿಚ್ಚಿದರೆ ಫ್ಯಾನಿಗೆ ಸುತ್ತಿಕೊಂಡ ನೂಲಿನ ಪಿಂಜಿನಲ್ಲಿ ಒಂದು ಕರವಸ್ತ್ರ ನೇಯಬಹುದಿತ್ತು. ಹಳೆಯದರ ಜಾಗಕ್ಕೆ ಒಂದು ಹೊಸದು ಹೋಯಿತು, ಖಾಲಿ ಗೂಡಿನಲ್ಲಿ ಎರಡನೆಯ ಡಿಸ್ಕು ಕೂತಿತು. ನಾಲ್ಕು ಸ್ಕ್ರೂ, ಎರಡು ಕೇಬಲ್: ಮಾಹಿತಿಗೆ ಕಿರಿದು, ಕರೆಂಟಿಗೆ ಅಗಲದ್ದು. ಎರಡರ ಬಾಯಿಯೂ ಒಂದೇ ದಿಕ್ಕಿಗೆ ಕೂರುವಂಥದ್ದು. ತಿರುಗಿಸಿ ಹಾಕಲು ಬರುವುದಿಲ್ಲ. ಇದನ್ನು ಮಾಡಿದವನಿಗೆ ನಮ್ಮಂಥವರ ಪರಿಚಯ ಚೆನ್ನಾಗಿರಬೇಕು.

ಭಾವನಿಗೆ ಯಾರೋ 'ರೇಡ್' ಹಾಕಿಸಿ ಅಂದಿದ್ದರು. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರ ಪ್ರಬಂಧದಲ್ಲಿ, ಅಗ್ಗದ ಡಿಸ್ಕುಗಳನ್ನು ಕೂಡಿಸಿ ಬಳಸುವ ಉಪಾಯಕ್ಕೆ ಕೊಟ್ಟ ಹೆಸರು ಅದು. ಅದರ ಒಂದನೆಯ ಬಗೆಯಲ್ಲಿ ಎರಡು ಡಿಸ್ಕಿನಲ್ಲೂ ಅದದೇ ಬರೆದಿರುತ್ತದೆ. ಒಂದು ಸತ್ತರೆ ಇನ್ನೊಂದು ಕೆಲಸ ನಡೆಸುತ್ತದೆ, ಸರಿ. ಆದರೆ ನೀವು ನಿದ್ದೆಗಣ್ಣಿನಲ್ಲಿ ನವಿಲನ್ನು ಅಳಿಸಿದರೆ ಎರಡರಿಂದಲೂ ಅದೇ ಕ್ಷಣ ಹಾರಿಹೋಗುತ್ತದೆ. ಹುಡುಗ ಅದನ್ನು ಬಿಟ್ಟು, ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿಯನ್ನು ಎರಡನೆಯ ಡಿಸ್ಕಿಗೆ ತಿರುಗಿಸಿದ. ಬದಲಾದ ಫೈಲುಗಳ ಪ್ರತಿ ತಾನಾಗಿ ಹೋಗಿ ಬೀಳುತ್ತದೆ, ಹಳೆಯ ರೂಪವೂ ಉಳಿಯುತ್ತದೆ. ಜೊತೆಗೊಂದು ಯುಪಿಎಸ್.

ಒಳಗಿನ ಡಿಸ್ಕಿನ ದೊಡ್ಡ ಗುಣ ಇದೇ ಅನ್ನಿಸುತ್ತದೆ: ಅದಕ್ಕೆ ನಮ್ಮ ನೆನಪಿನ ಶಕ್ತಿ ಬೇಡ. ಬೀರು ತೆಗೆಯಬೇಕಿಲ್ಲ, ಕೇಬಲ್ ಹುಡುಕಬೇಕಿಲ್ಲ. ದೋಷವೂ ಅಲ್ಲೇ. ಸಿಡಿಲು ಬಡಿದರೆ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಳ್ಳ ಬಂದರೆ ಡಬ್ಬವನ್ನೇ ಹೊತ್ತೊಯ್ಯುತ್ತಾನೆ. ಎರಡನೆಯ ಡಿಸ್ಕು ಬಿಚ್ಚಿ ಮೇಜಿನ ಮೇಲಿಟ್ಟು ಹೋಗುವ ಸಜ್ಜನ ಕಳ್ಳರು ಸೇಲಂ ಜಿಲ್ಲೆಯಲ್ಲೂ ಇಲ್ಲ. ಅದಕ್ಕೇ ಬೀರುವಿನ ಡಿಸ್ಕಿಗೂ ಕೆಲಸ ಸಿಕ್ಕಿತು: ತಿಂಗಳಿಗೊಮ್ಮೆ ತುಂಬಿಸಿಕೊಂಡು ಹುಡುಗನ ಬ್ಯಾಗಿನಲ್ಲಿ ಧರ್ಮಪುರಿಗೆ ಹೋಗುತ್ತದೆ. ಊಟದ ಪಂಕ್ತಿಯನ್ನು ಅಳಿಸಲು ಅಕ್ಕ ಒಪ್ಪಿಲ್ಲ.

ನಿಮ್ಮಲ್ಲೂ ಬ್ಯಾಕಪ್ ಇದೆ ಅನ್ನುತ್ತೀರಾದರೆ, ಇವತ್ತೇ ಅದರಿಂದ ಒಂದು ಹಳೆಯ ಫೈಲನ್ನು ತೆರೆದು ನೋಡಿ. ತೆರೆಯದಿದ್ದರೆ ಸ್ಕ್ರೂಡ್ರೈವರ್ ಹುಡುಕಿಡಿ.