ತಗ್ಗಿ ಬಗ್ಗಿದ ಪಿಕಪ್ಪಿನ ಮಹಾತ್ಮೆ

ಹೊರೆ ಹೊರುವುದು ಯಾರಿಗೆ ಬೇಕಾದರೂ ಬರುವ ಕೆಲಸ, ಕತ್ತೆಗೂ ಬರುತ್ತದೆ. ಹೊರಲಿಕ್ಕೆಂದೇ ಹುಟ್ಟಿದ ವಾಹನವನ್ನು ಒಂದು ಚೀಲ ಸಿಮೆಂಟೂ ಇಡಲಾಗದ ಉನ್ನತ ಸ್ಥಿತಿಗೆ ತರಬೇಕಾದರೆ ಮಾತ್ರ ಪ್ರತಿಭೆ ಬೇಕು, ವೆಲ್ಡಿಂಗ್ ಮಷೀನ್ ಬೇಕು, ವರ್ಷಗಟ್ಟಲೆ ಶನಿವಾರ ಭಾನುವಾರಗಳು ಬೇಕು. ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಈ ಮೂರೂ ಕೂಡಿಬಂದ ಪುಣ್ಯಾತ್ಮರಿಗೆ ಕೊರತೆಯಿಲ್ಲ. ಪಿಕಪ್ ಟ್ರಕ್ಕಿನ ಹೊಟ್ಟೆ ನೆಲಕ್ಕೆ ತಾಗುವವರೆಗೆ ಅದನ್ನು ತಗ್ಗಿಸುವುದು ಅವರ ವ್ರತ.

ಈ ವ್ರತಕ್ಕೆ ಒಗ್ಗಿದ ಗಾಡಿಗಳಲ್ಲಿ ಷೆವ್ರೊಲೆ ಎಸ್-10 ಒಂದು. 1982ರ ಮಾದರಿಯಾಗಿ ಬಂದು 2004ರವರೆಗೆ ತಯಾರಾದ ಸಣ್ಣ ಪಿಕಪ್ ಇದು. ಕಾರ್ಖಾನೆಯವರು ತಿಳಿಯದೆ ಇದಕ್ಕೆ ಅರ್ಧ ಟನ್ನಿನ ಆಸುಪಾಸು ಹೊರುವ ಶಕ್ತಿ ಕೊಟ್ಟುಬಿಟ್ಟಿದ್ದರು. ಆ ದೋಷವನ್ನು ತಿದ್ದಲು ಎಷ್ಟು ತಾಳ್ಮೆ ಬೇಕೆಂಬುದು ಗೊತ್ತಾದರೆ ನೀವೂ ಕೈಮುಗಿಯುತ್ತೀರಿ.

ಮೊದಲು ಹಿಂದಿನ ಕಮಾನುಪಟ್ಟಿಗಳ ಕೆಳಗಿರುವ ಆಕ್ಸೆಲನ್ನು ಬಿಚ್ಚಿ ಅವುಗಳ ಮೇಲೆ ಕೂರಿಸುತ್ತಾರೆ. ಗಾಡಿ ಐದಾರು ಇಂಚು ಇಳಿಯುತ್ತದೆ. ಆದರೆ ಸಣ್ಣ ಗುಂಡಿ ಸಿಕ್ಕರೂ ಆಕ್ಸೆಲ್ ಮೇಲೆದ್ದು ಚಾಸಿಗೆ ಬಡಿಯುತ್ತದೆ. ಸಾಮಾನ್ಯ ಬುದ್ಧಿಯವರಾದರೆ ಆಕ್ಸೆಲನ್ನು ಮತ್ತೆ ಕೆಳಗಿಳಿಸುತ್ತಿದ್ದರು. ನಮ್ಮ ಶಿಲ್ಪಿಗಳು ಚಾಸಿಯನ್ನೇ ಅರ್ಧಚಂದ್ರಾಕಾರಕ್ಕೆ ಕತ್ತರಿಸುತ್ತಾರೆ. ಗಾಡಿಯ ಬೆನ್ನೆಲುಬನ್ನು ಕತ್ತರಿಸಿದ ಮೇಲೆ ಅದು ಮುರಿಯದಿರಲೆಂದು ಆರು ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟನ್ನು ಅದೇ ಆಕಾರಕ್ಕೆ ಕೊಯ್ದು, ಉಜ್ಜಿ, ಬೆಸೆಯುತ್ತಾರೆ. ಈ ಪ್ಲೇಟಿನ ಅಳತೆ ಯಾವ ಕಂಪ್ಯೂಟರಿನಿಂದಲೂ ಬಂದದ್ದಲ್ಲ. ಪಾರ್ಸೆಲ್ ಬಂದ ರಟ್ಟಿನ ಡಬ್ಬವನ್ನು ಹರಿದು, ಗಾಡಿಯಡಿ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರಿಸಿಕೊಳ್ಳುತ್ತಾ ತೆಗೆದದ್ದು. ರಟ್ಟು ಸರಿಹೊಂದಿತೆಂದರೆ ಉಕ್ಕಿಗೆ ಕೈಹಾಕಬಹುದು. ಉಕ್ಕು ಸರಿಹೊಂದದಿದ್ದರೆ ಬೇಸರವಿಲ್ಲ, ಮನೆಯಲ್ಲಿ ರಟ್ಟಿಗೇನು ಬರವೇ?

ಚಾಸಿಯ ಅಡ್ಡಿ ಕಳೆದ ಆಕ್ಸೆಲ್ ಈಗ ಸೀದಾ ಹಿಂದಿನ ತೊಟ್ಟಿಯ ತಳಕ್ಕೆ ಗುದ್ದುತ್ತದೆ. ಸರಿ, ತೊಟ್ಟಿಯ ತಳಕ್ಕೂ ಒಂದು ಕಿಂಡಿ, ಕಿಂಡಿಯ ಮೇಲೆ ತಗಡಿನ ಗುಡ್ಡ. ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿತಲ್ಲ ಎಂದು ಅದನ್ನು ಎರಡು ತುಂಡು ಮಾಡಿ ನಡುವೆ ಬೇರಿಂಗು, ಬೇರಿಂಗಿಗೊಂದು ಬ್ರಾಕೆಟ್ಟು. ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ’ ಎಂಬ ಗಾದೆ ಕಟ್ಟಿದ ಹಿರಿಯರಿಗೆ ವೆಲ್ಡಿಂಗ್ ಬರುತ್ತಿರಲಿಲ್ಲ. ಬಂದಿದ್ದರೆ ಇರುವೆಗೊಂದು ಬ್ರಾಕೆಟ್ ಮಾಡಿ ಗಾದೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಆ ಕಮಾನುಪಟ್ಟಿಗಳನ್ನೇ ಕಿತ್ತೆಸೆಯುತ್ತಾರೆ. ಅವುಗಳ ಜಾಗಕ್ಕೆ ಬಸ್ಸುಗಳಲ್ಲಿರುವಂಥ ಗಾಳಿಚೀಲಗಳು ಬರುತ್ತವೆ. ಗುಂಡಿ ಒತ್ತಿದರೆ ಗಾಡಿ ಏಳುತ್ತದೆ, ಇನ್ನೊಂದು ಒತ್ತಿದರೆ ಉಸ್ಸೆಂದು ಕೂರುತ್ತದೆ. ಆಕ್ಸೆಲ್ ಅತ್ತಿತ್ತ ಓಡದಂತೆ ನಾಲ್ಕು ಕಬ್ಬಿಣದ ತೋಳುಗಳು, ತೋಳಿನ ಎರಡೂ ತುದಿಗೆ ಕೈಯಾರೆ ಮಾಡಿದ ಬ್ರಾಕೆಟ್ಟು. ಗಾಳಿಯ ಟ್ಯಾಂಕು, ಕಂಪ್ರೆಸರು, ವಾಲ್ವುಗಳ ಗೊಂಚಲು, ಜಾಗ ಕಳೆದುಕೊಂಡ ಪೆಟ್ರೋಲ್ ಟ್ಯಾಂಕು ಎಲ್ಲಕ್ಕೂ ತೊಟ್ಟಿಯಲ್ಲೇ ಪುನರ್ವಸತಿ. ಹೀಗೆ ಖಾಲಿ ಓಡುವ ಲಾರಿ ಎಂಬ ಅಪವಾದ ಎಸ್-10ಕ್ಕೆ ಎಂದೂ ತಟ್ಟುವುದಿಲ್ಲ. ತನ್ನನ್ನು ಏಳಿಸಿ ಕೂರಿಸುವ ಸಾಮಾನನ್ನು ಅದು ಸದಾ ತಾನೇ ಹೊತ್ತಿರುತ್ತದೆ.

ತೊಟ್ಟಿ ಹಾಳಾಯಿತೆಂದು ಕೊರಗುವವರು ಇತಿಹಾಸ ಓದಿಲ್ಲ. ಅಮೆರಿಕದ ಕೋಳಿಗೆ ಯುರೋಪಿನವರು ಸುಂಕ ಹೇರಿದರೆಂಬ ಸಿಟ್ಟಿಗೆ ಅಮೆರಿಕ ಸರ್ಕಾರ 1964ರಲ್ಲಿ ಹೊರಗಿನ ಸಣ್ಣ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹಾಕಿತು. ಕ್ಯಾಬಿನ್ನು ಮತ್ತು ಚಾಸಿ ಮಾತ್ರ ಬಂದರೆ ಶೇ. 4 ಸಾಕಿತ್ತು. ಜಪಾನಿನ ಕಂಪನಿಗಳು ತೊಟ್ಟಿಯಿಲ್ಲದ ಪಿಕಪ್ಪನ್ನು ಹಡಗಿನಲ್ಲಿ ಕಳಿಸಿ, ಅಮೆರಿಕದ ನೆಲದಲ್ಲಿ ತೊಟ್ಟಿ ಜೋಡಿಸುತ್ತಿದ್ದವು. 1980ರಲ್ಲಿ ಈ ಕಿಂಡಿ ಮುಚ್ಚಿತು. ತೊಟ್ಟಿ ಬರೀ ಅಲಂಕಾರವೆಂದು ಸುಂಕದ ಕಟ್ಟೆಯವರೇ ಒಪ್ಪಿದ ಮೇಲೆ ಗ್ಯಾರೇಜಿನವರದ್ದೇನು ತಪ್ಪು?

ಈ ಕಲೆಗೆ ಪ್ರೋತ್ಸಾಹ ಕೊಟ್ಟದ್ದೂ ಕಾನೂನೇ. ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳಅಂಚಿಗಿಂತ ತಗ್ಗಿನಲ್ಲಿರಕೂಡದೆಂದು ಕ್ಯಾಲಿಫೋರ್ನಿಯಾ 1958ರಲ್ಲಿ ವಿಧಿಸಿತು. ಮರುವರ್ಷದ ಹೊತ್ತಿಗೆ ರಾನ್ ಅಗೈರಿ ಎಂಬ ಯುವಕ ವಿಮಾನದ ಹೈಡ್ರಾಲಿಕ್ ಭಾಗಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿ, ಪೊಲೀಸರು ಕಂಡರೆ ಎತ್ತರ, ಮರೆಯಾದರೆ ತಗ್ಗು ಎಂಬ ವಿಧೇಯತೆಯನ್ನು ಕಂಡುಹಿಡಿದ. ಆ ಕಲಮು 2024ರ ಜನವರಿ 1ರಂದು ರದ್ದಾಯಿತು. ನಮ್ಮ ದೇಶದ ಕಾನೂನಿಗೆ ಈ ರಸಿಕತೆ ಇಲ್ಲ; ನೋಂದಣಿ ಪತ್ರದಲ್ಲಿನ ವಿವರ ತಯಾರಕರ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿ ಕೂತಿದೆ. ಅದೂ ಸಾಲದೆಂದು ಲೋಕೋಪಯೋಗಿ ಇಲಾಖೆಯ ಹಂಪ್‌ಗಳಿವೆ.

ಚಾಸಿ ನೆಲ ಮುಟ್ಟಿದರೂ ಬಾಡಿಯ ಅಂಚು ಮೂರ್ನಾಲ್ಕು ಇಂಚು ಮೇಲೇ ಉಳಿಯುತ್ತದೆ. ಇಷ್ಟು ದೂರ ಬಂದವರು ಆ ಅಂತರವನ್ನು ಸಹಿಸಿಯಾರೇ? ಕ್ಯಾಬಿನ್ನಿನ ತಳವನ್ನು ಸುತ್ತಲೂ ಕತ್ತರಿಸಿ ಬಾಡಿಯನ್ನು ಚಾಸಿಯ ಮೇಲೆ ಕೆಳಕ್ಕೆ ಇಳಿಬಿಡುತ್ತಾರೆ. ತಳ ಇದ್ದಲ್ಲೇ ಉಳಿದು ಛಾವಣಿ ತಲೆಯತ್ತ ಬರುತ್ತದೆ. ಎಂಜಿನ್ನು ಬಾನೆಟ್ಟಿಗೆ ತಾಗುತ್ತದೆ, ರೇಡಿಯೇಟರನ್ನು ಕಿರಿದು ಮಾಡಬೇಕಾಗುತ್ತದೆ, ಮಾಲೀಕ ಮೊಣಕಾಲನ್ನು ಸ್ಟಿಯರಿಂಗಿನ ಎರಡು ಬದಿಗೆ ಹಂಚಿ ಕೂರಬೇಕಾಗುತ್ತದೆ. ಮಾಲೀಕನಿಗೆ ಸರಿಹೊಂದುವ ಬ್ರಾಕೆಟ್ ಇನ್ನೂ ಬಂದಿಲ್ಲ.

ಇಷ್ಟು ಬೆಸೆದದ್ದೆಲ್ಲ ಗಾಡಿಯ ಅಡಿಯಲ್ಲಿದೆ. ಬೆಸುಗೆಯ ಗೆರೆ ಕಾಣದಂತೆ ಉಜ್ಜಿ, ಬಣ್ಣ ಹೊಡೆದು ಹೊಳಪಿಸಿದ ಆ ಭಾಗ ಗಾಡಿ ನೆಲಕ್ಕೆ ಕೂತ ಕೂಡಲೇ ಮಾಯ. ಹಾಗಾಗಿ ಪ್ರದರ್ಶನದಲ್ಲಿ, ತಗ್ಗಿಸಲೆಂದೇ ಜನ್ಮ ಸವೆಸಿದ ಗಾಡಿಯನ್ನು ಒಂದು ಬದಿ ಎತ್ತಿ ನಿಲ್ಲಿಸಿ, ಕೆಳಗೆ ಕನ್ನಡಿ ಇಟ್ಟು ತೋರಿಸುತ್ತಾರೆ.

ಅಲ್ಲಿಗೆ ಅದು ಬರುವುದು ಟ್ರೈಲರಿನ ಮೇಲೆ ಮಲಗಿಕೊಂಡು. ಎಳೆದು ತರುವುದು ಕಾರ್ಖಾನೆಯಿಂದ ಬಂದ ಹಾಗೇ ಇರುವ ಇನ್ನೊಂದು ಪಿಕಪ್. ಮಡಿಸುವ ಕುರ್ಚಿಗಳು, ಐಸ್ ಪೆಟ್ಟಿಗೆ, ಜಾಕು, ಸ್ಪ್ಯಾನರುಗಳು, ಆ ಕನ್ನಡಿಗಳು, ಎಲ್ಲವೂ ಅದರ ತೊಟ್ಟಿಯಲ್ಲಿ ಹಾಯಾಗಿ ಹಿಡಿಸುತ್ತವೆ. ಸಂಜೆ ಬಹುಮಾನ ಕೈಗೆ ಬಂದ ಮೇಲೆ ಮಾಲೀಕ ಆ ಎರಡನೆಯ ಪಿಕಪ್ಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಅದರ ಆಕ್ಸೆಲ್ಲಿಗೆ ರಟ್ಟಿನ ತುಂಡೊಂದನ್ನು ಹಿಡಿದು ನೋಡುತ್ತಿರುತ್ತಾನೆ.